ಜೇಬಿನಲ್ಲಿ ಗಾಂಜಾ: ಶಿಕ್ಷೆಯೇ, ಚಿಕಿತ್ಸೆಯೇ?

ರಾತ್ರಿ ಊಟ ಮುಗಿಸಿ ಬಾಗಿಲು ಹಾಕಿಕೊಳ್ಳುವ ಹೊತ್ತು. ಫೋನು ಹೊಡೆದುಕೊಳ್ಳುತ್ತದೆ. ‘ನಿಮ್ಮ ಮಗ ಇಲ್ಲಿ ಠಾಣೆಯಲ್ಲಿದ್ದಾನೆ, ಬೆಳಿಗ್ಗೆ ಬನ್ನಿ’ ಎಂದಷ್ಟೇ ಹೇಳಿ ಆ ಕಡೆಯ ದನಿ ನಿಂತುಹೋಗುತ್ತದೆ. ತಾಲ್ಲೂಕು ಊರಿನ ಮೇಷ್ಟರು, ಸಾಲ ಮಾಡಿ ಮಗನನ್ನು ಎಂಜಿನಿಯರಿಂಗ್ ಓದಲು ಕಳಿಸಿದವರು, ಕೊನೆಯ ಬಸ್ಸು ಹಿಡಿಯುತ್ತಾರೆ. ಬೆಳಿಗ್ಗೆ ಠಾಣೆಯ ಬೆಂಚಿನ ಮೇಲೆ ಕುಳಿತಾಗ ತಿಳಿಯುತ್ತದೆ: ಬಾಡಿಗೆ ಕೋಣೆಯಲ್ಲಿ ನಾಲ್ವರು ಹುಡುಗರಿದ್ದರು, ಒಂದು ಸಣ್ಣ ಪೊಟ್ಟಣ ಸಿಕ್ಕಿದೆ, ಪೊಟ್ಟಣದಲ್ಲಿ ಗಾಂಜಾ.

ಇದು ಕಲ್ಪನೆಯ ಚಿತ್ರ. ಆದರೆ ಇಂಥ ರಾತ್ರಿಯನ್ನು ಕಂಡ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ. ಮೇಷ್ಟರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಎರಡು. ‘ಇವನು ಯಾಕೆ ಹೀಗಾದ?’ ಎಂಬುದು ಒಂದು. ‘ಇವನ ಮುಂದಿನ ಗತಿ ಏನು?’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮನೆಯಲ್ಲಿ, ಕಾಲೇಜಿನಲ್ಲಿ ಉತ್ತರ ಹುಡುಕಬೇಕು. ಎರಡನೆಯದಕ್ಕೆ ಉತ್ತರ ಇರುವುದು ಕಾನೂನಿನ ಪುಸ್ತಕದಲ್ಲಿ. ಆ ಪುಸ್ತಕವನ್ನು ತಿದ್ದಬೇಕೆಂಬ ಮಾತು ಈಗ ನಮ್ಮ ದೇಶದಲ್ಲೂ ಎದ್ದಿದೆ.

ಕಾಯ್ದೆ ಏನು ಹೇಳುತ್ತದೆ?

ನಮ್ಮಲ್ಲಿ ಗಾಂಜಾ, ಚರಸ್, ಅಫೀಮು, ಹೆರಾಯಿನ್ ಎಲ್ಲಕ್ಕೂ ಒಂದೇ ಕಾಯ್ದೆ. 1985ರಲ್ಲಿ ಬಂದ ಇದನ್ನು ಇಂಗ್ಲಿಷಿನ ಮೊದಲಕ್ಷರಗಳಿಂದ ಎನ್.ಡಿ.ಪಿ.ಎಸ್. ಕಾಯ್ದೆ ಎಂದು ಕರೆಯುತ್ತಾರೆ. ಆ ವರ್ಷದ ನವೆಂಬರ್ 14ರಿಂದ ಇದು ಜಾರಿಯಲ್ಲಿದೆ. 2001ರಲ್ಲಿ ಆದ ತಿದ್ದುಪಡಿ ಶಿಕ್ಷೆಯನ್ನು ತೂಕಕ್ಕೆ ಕಟ್ಟಿಹಾಕಿತು. ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ, ಎರಡರ ನಡುವಿನದು ಎಂದು ಮೂರು ಮೆಟ್ಟಿಲು.

ಗಾಂಜಾ ಒಂದು ಕಿಲೋವರೆಗೆ ಇದ್ದರೆ ಅಲ್ಪ. 20 ಕಿಲೋ ಮೀರಿದರೆ ವಾಣಿಜ್ಯ. ಚರಸ್ ಆದರೆ 100 ಗ್ರಾಂವರೆಗೆ ಅಲ್ಪ, ಒಂದು ಕಿಲೋ ಮೀರಿದರೆ ವಾಣಿಜ್ಯ. ಅಲ್ಪ ಪ್ರಮಾಣಕ್ಕೆ ಒಂದು ವರ್ಷದವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2014ರ ತಿದ್ದುಪಡಿಗೆ ಮೊದಲು ಈ ಸಜೆ ಆರು ತಿಂಗಳವರೆಗೆ ಮಾತ್ರ ಇತ್ತು. ನಡುವಿನ ಪ್ರಮಾಣಕ್ಕೆ ಹತ್ತು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ ಹತ್ತು, ಗರಿಷ್ಠ ಇಪ್ಪತ್ತು ವರ್ಷ. ಅಲ್ಲಿ ಜಾಮೀನು ಸಿಗುವುದು ಬಲು ಕಷ್ಟ. ಹಿತ್ತಲಿನಲ್ಲಿ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಸಜೆ ಸಾಧ್ಯ. ಗಿಡ ಒಂದೋ ಹತ್ತೋ ಎಂದು ಕಾಯ್ದೆ ಎಣಿಸುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಕಾಯ್ದೆ ತೂಕವನ್ನು ನೋಡುತ್ತದೆಯೇ ಹೊರತು ಉದ್ದೇಶವನ್ನು ಅಷ್ಟಾಗಿ ನೋಡುವುದಿಲ್ಲ. ಹತ್ತು ಗ್ರಾಂ ತನಗಾಗಿ ಇಟ್ಟುಕೊಂಡ ಹುಡುಗನಿಗೂ, ಕಾಲೇಜಿನ ಗೇಟಿನ ಬಳಿ ಅರ್ಧ ಕಿಲೋ ಹಂಚಲು ನಿಂತವನಿಗೂ ಕಾಯ್ದೆಯಲ್ಲಿರುವುದು ಒಂದೇ ಮೆಟ್ಟಿಲು. ಮೊದಲನೆಯವನಿಗೆ ಇದು ಹೆಚ್ಚಾಯಿತು ಎನ್ನುವವರಿದ್ದಾರೆ. ಎರಡನೆಯವನಿಗೆ ಕಡಿಮೆಯಾಯಿತು ಎನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ.

ಸೊಪ್ಪಿಗೆ ಮಾಫಿ, ಹೂವಿಗೆ ಸಜೆ

ಭಂಗಿ ಎಂದರೆ ನಮ್ಮ ಹಿರಿಯರಿಗೆ ಹೊಸ ಮಾತಲ್ಲ. ಬೈರಾಗಿಗಳ ಚಿಲುಮೆ, ಉತ್ತರದವರ ಹೋಳಿಯ ಠಂಡಾಯಿ, ನಾಟಿ ವೈದ್ಯರ ಗಂಟು ಎಲ್ಲದರಲ್ಲೂ ಈ ಗಿಡಕ್ಕೆ ಜಾಗವಿತ್ತು. ಇದರ ವಿಚಾರಣೆಯೂ ಹಳೆಯದೇ. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯಿಂದಾಗಿ 1893ರಲ್ಲಿ ಇಲ್ಲಿ ಒಂದು ಆಯೋಗ ನೇಮಕವಾಯಿತು. ಏಳು ಮಂದಿ ಸದಸ್ಯರು, ಅವರಲ್ಲಿ ಮೂವರು ಭಾರತೀಯರು. 1,193 ಸಾಕ್ಷಿಗಳನ್ನು ಕೇಳಿ 1894ರಲ್ಲಿ ವರದಿ ಕೊಟ್ಟರು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಹಾನಿಯಿದೆ. ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯಿಂದ ಹತೋಟಿಯಲ್ಲಿಡಿ ಎಂಬುದು ಅದರ ಸಾರ.

ಹಾಗಾದರೆ ನಿಷೇಧ ಬಂದದ್ದು ಎಲ್ಲಿಂದ? 1961ರ ಅಂತರರಾಷ್ಟ್ರೀಯ ಒಪ್ಪಂದದಿಂದ. ಅದು ಈ ಗಿಡದ ಹೂಗೊನೆಯನ್ನೂ ಅಂಟನ್ನೂ ಬಿಗಿ ಪಟ್ಟಿಗೆ ಸೇರಿಸಿತು. ಬಿಡಿ ಎಲೆಯನ್ನು ಆ ಪಟ್ಟಿಯಿಂದ ಹೊರಗಿಟ್ಟಿತು. ಹಳೆಯ ರೂಢಿ ಇದ್ದ ದೇಶಗಳಿಗೆ 25 ವರ್ಷಗಳ ವಾಯಿದೆಯನ್ನೂ ಕೊಟ್ಟಿತು. ವಾಯಿದೆ ತೀರುತ್ತ ಬಂದಾಗ ಹುಟ್ಟಿದ್ದೇ 1985ರ ಕಾಯ್ದೆ. ಆದ್ದರಿಂದಲೇ ನಮ್ಮ ಕಾಯ್ದೆಯ ವ್ಯಾಖ್ಯೆಯಲ್ಲಿ ಹೂಗೊನೆ ಇದ್ದರೆ ಗಾಂಜಾ. ಹೂಗೊನೆಯಿಲ್ಲದ ಬರಿ ಎಲೆ, ಬೀಜ ಗಾಂಜಾ ಅಲ್ಲ. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ ಭಂಗಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಹೇಳಿದ್ದೂ ಈ ವ್ಯಾಖ್ಯೆಯ ಬಲದಿಂದಲೇ. ಹಾಗೆಂದು ಭಂಗಿಗೆ ಎಲ್ಲೆಡೆ ಮುಕ್ತ ಅವಕಾಶವಿದೆ ಎಂದು ಯಾರೂ ತಿಳಿಯಬಾರದು. ಅದು ಆಯಾ ರಾಜ್ಯದ ಅಬಕಾರಿ ಕಾನೂನಿಗೆ ಬಿಟ್ಟ ವಿಷಯ.

ಚಟವಿದ್ದವನಿಗೆ ಬಾಗಿಲು, ಇಲ್ಲದವನಿಗೆ ಗೋಡೆ

ಎನ್.ಡಿ.ಪಿ.ಎಸ್. ಕಾಯ್ದೆ ಬರೀ ಕಠೋರವಾದದ್ದಲ್ಲ. ಅದರಲ್ಲಿ ಎರಡು ಕರುಣೆಯ ಕಿಂಡಿಗಳಿವೆ. ಒಂದು, 64ಎ ಕಲಮು: ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿಯು ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಈ ರಕ್ಷಣೆ ಹೋಗಬಹುದು. ಇನ್ನೊಂದು, 39ನೇ ಕಲಮು: ತಪ್ಪಿತಸ್ಥನೆಂದು ಸಾಬೀತಾದ ಮೇಲೂ ಅಂಥ ವ್ಯಸನಿಯನ್ನು ನ್ಯಾಯಾಲಯ ಜೈಲಿಗೆ ಬದಲು ಚಿಕಿತ್ಸೆಗೆ ಕಳಿಸಬಹುದು.

ಗಮನಿಸಿ, ಎರಡೂ ಕಡೆ ಇರುವ ಪದ ‘ವ್ಯಸನಿ’. ನಮ್ಮ ಮೇಷ್ಟರ ಮಗ ಗೆಳೆಯರ ಒತ್ತಾಯಕ್ಕೆ ಎರಡು ಸಲ ಸೇದಿದವನು ಎಂದಿಟ್ಟುಕೊಳ್ಳಿ. ಅವನು ವ್ಯಸನಿಯಲ್ಲ. ಹಾಗಾದರೆ ಈ ಎರಡು ಬಾಗಿಲೂ ಅವನಿಗೆ ತೆರೆಯುವುದಿಲ್ಲ. ಮೊದಲ ಸಲ ತಪ್ಪು ಮಾಡಿದವರನ್ನು ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಪ್ರೊಬೇಷನ್ ಕಾಯ್ದೆಯಾದರೂ ಒದಗೀತೇ? ಅದಕ್ಕೂ 33ನೇ ಕಲಮು ಅಡ್ಡ ಬರುತ್ತದೆ. ಹದಿನೆಂಟು ತುಂಬಿದವನಿಗೆ ಆ ರಿಯಾಯಿತಿ ಸಿಗುವುದು ಮುಖ್ಯವಾಗಿ ಸೇವನೆಯ ಆರೋಪದಲ್ಲಿ. ವಶದಲ್ಲಿ ಇಟ್ಟುಕೊಂಡ ಆರೋಪದಲ್ಲಿ ಅಲ್ಲ. ಸೇದಿದ್ದಕ್ಕೆ ಆರು ತಿಂಗಳವರೆಗೆ ಸಜೆ, ಸೇದಲೆಂದು ಜೇಬಿನಲ್ಲಿ ಇಟ್ಟುಕೊಂಡದ್ದಕ್ಕೆ ಒಂದು ವರ್ಷದವರೆಗೆ! ಜೇಬಿಗೆ ಬಾರದೆ ಬಾಯಿಗೆ ಹೋಗುವುದು ಹೇಗೆ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ.

ಚಟ ಗಟ್ಟಿಯಾದವನಿಗೆ ಒಂದು ದಾರಿ ಇದೆ, ಚಟದ ಹೊಸ್ತಿಲಲ್ಲಿ ನಿಂತವನಿಗೆ ಇಲ್ಲ. ಸುಧಾರಣೆಯ ಮಾತು ಹುಟ್ಟುವುದು ಇಲ್ಲೇ.

ಚಿಲುಮೆ, ಕೋಣೆ ಮತ್ತು ಗೆಳೆಯರು

ಅಮೆರಿಕದ ಅನೇಕ ರಾಜ್ಯಗಳಲ್ಲಿ ಸೇದುವ ಸಲಕರಣೆಗಾಗಿಯೇ ಬೇರೆ ಕಾನೂನು ಇದೆ. 1979ರಲ್ಲಿ ಅಲ್ಲಿನ ಕೇಂದ್ರ ಮಾದಕ ವಸ್ತು ನಿಗ್ರಹ ಇಲಾಖೆ ಮಾದರಿ ಮಸೂದೆಯೊಂದನ್ನು ಬರೆದುಕೊಟ್ಟಿತು. ರಾಜ್ಯಗಳು ಒಂದರ ಹಿಂದೆ ಒಂದು ಅದನ್ನು ಅಳವಡಿಸಿಕೊಂಡವು. ಗಾಂಜಾ ಸಿಗದಿದ್ದರೂ ಕೊಳವೆ ಸಿಕ್ಕಿದ್ದಕ್ಕೇ ಕೇಸು ಹಾಕುವುದು ಇದರಿಂದ ಸಾಧ್ಯವಾಯಿತು.

ನಮ್ಮ ಕಾಯ್ದೆಯಲ್ಲಿ ಬರಿಯ ಚಿಲುಮೆಗೆ, ಸುತ್ತುವ ಕಾಗದಕ್ಕೆ ಪ್ರತ್ಯೇಕ ಶಿಕ್ಷೆ ಇಲ್ಲ. ಅಪರಾಧಕ್ಕೆ ಬಳಸಿದ ಪಾತ್ರೆ, ಸಲಕರಣೆಗಳನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಆದರೆ ಚಿಲುಮೆಯೊಳಗೆ ಅಂಟಿದ ಕಿಟ್ಟ ಪ್ರಯೋಗಾಲಯಕ್ಕೆ ಹೋದರೆ ಅದೇ ಸಾಕ್ಷಿಯಾದೀತು.

ವಿದ್ಯಾರ್ಥಿಗಳು ಹೆಚ್ಚು ಭಯಪಡಬೇಕಾದದ್ದು 25ನೇ ಕಲಮಿಗೆ. ತನ್ನ ಮನೆ, ಕೋಣೆ ಅಥವಾ ವಾಹನವನ್ನು ಈ ಅಪರಾಧಕ್ಕೆ ಬಳಸಲು ಗೊತ್ತಿದ್ದೂ ಬಿಟ್ಟವನಿಗೆ ಮೂಲ ಅಪರಾಧದಷ್ಟೇ ಶಿಕ್ಷೆ. ‘ನಾನು ಸೇದಲಿಲ್ಲ ಸಾರ್, ಅವರು ನನ್ನ ರೂಮಿನಲ್ಲಿ ಸೇದುತ್ತಿದ್ದರು’ ಎಂಬ ಮಾತು ರಕ್ಷಣೆಯಾಗುವ ಬದಲು ತಪ್ಪೊಪ್ಪಿಗೆಯಂತೆ ಕೇಳಿಸಬಹುದು. ಜೊತೆಗೆ, ವಶದಲ್ಲಿ ಸಿಕ್ಕ ವಸ್ತುವಿನ ಬಗ್ಗೆ ಆರೋಪಿಯ ಅರಿವನ್ನು ಕಾಯ್ದೆ ಮೊದಲೇ ಊಹಿಸಿಕೊಳ್ಳುತ್ತದೆ. ತನಗೆ ತಿಳಿದಿರಲಿಲ್ಲ ಎಂದು ರುಜುವಾತು ಮಾಡುವ ಹೊರೆ ಹುಡುಗನ ಹೆಗಲಿಗೆ.

ಶಿಕ್ಷೆಗಿಂತ ದೊಡ್ಡ ಶಿಕ್ಷೆ

ಅಲ್ಪ ಪ್ರಮಾಣದ ಕೇಸಿನಲ್ಲಿ ಕೊನೆಗೆ ದಂಡ ಕಟ್ಟಿ ಹೊರಬಂದರೂ ಅಲ್ಲಿಗೆ ಮುಗಿಯುವುದಿಲ್ಲ. ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಲು ಕಾನೂನಿನಲ್ಲಿ ಅವಕಾಶವಿದೆ. ಸರ್ಕಾರಿ ನೌಕರಿಯ ದೃಢೀಕರಣ ಪತ್ರದಲ್ಲಿ ‘ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಕೇಸು ಇತ್ತೇ?’ ಎಂಬ ಪ್ರಶ್ನೆ ಇರುತ್ತದೆ. ಮುಚ್ಚಿಟ್ಟರೆ ಇನ್ನೊಂದು ತಪ್ಪು. ಇಂಥ ಸಂದರ್ಭದಲ್ಲಿ ಅಪರಾಧದ ಸ್ವರೂಪ, ಅಭ್ಯರ್ಥಿಯ ವಯಸ್ಸು, ಹಿನ್ನೆಲೆಯನ್ನು ತೂಗಿ ನೋಡಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆಯಾದರೂ ನೌಕರಿ ಸಿಕ್ಕೇ ಸಿಗುತ್ತದೆಂಬ ಭರವಸೆ ಇಲ್ಲ. ಪೊಟ್ಟಣದ ಬೆಲೆ ಕೆಲವು ನೂರು ರೂಪಾಯಿ. ಅದಕ್ಕೆ ತೆರಬೇಕಾದದ್ದು ಓದಿನ ವರ್ಷಗಳು.

ಇದು ಕೆಲವೇ ಜನರ ಕಥೆಯೂ ಅಲ್ಲ. 2020ರಲ್ಲಿ ದೇಶದಲ್ಲಿ ಈ ಕಾಯ್ದೆಯಡಿ ದಾಖಲಾದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ವಂತ ಬಳಕೆಗೆ ಇಟ್ಟುಕೊಂಡವರ ಮೇಲಿನವು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಅಂಕಿಗಳೇ ಹೇಳುತ್ತವೆ. 2019ರಲ್ಲಿ ಪ್ರಕಟವಾದ, ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ಪ್ರಕಾರ ಭಂಗಿ, ಗಾಂಜಾ, ಚರಸ್ ಬಳಸುವವರು ಸುಮಾರು 3.1 ಕೋಟಿ. ಇಷ್ಟು ಜನರನ್ನು ಜೈಲಿಗೆ ಕಳಿಸಲು ಯಾವ ಸರ್ಕಾರಕ್ಕೂ ಆಗದು. ಸಿಕ್ಕವನು ಕಳ್ಳ, ಸಿಗದವನು ಸಾಹುಕಾರ ಎಂಬಂತಾಗುತ್ತದೆ.

ಹೊರಗಿನವರು ಏನು ಮಾಡಿದರು?

ಅಮೆರಿಕದ ಆರೆಗಾನ್ ರಾಜ್ಯ 1973ರಲ್ಲೇ ಒಂದು ಔನ್ಸ್‌ವರೆಗಿನ ಗಾಂಜಾಕ್ಕೆ ಜೈಲು ತೆಗೆದು ನೂರು ಡಾಲರ್‌ವರೆಗಿನ ದಂಡ ಇಟ್ಟಿತು. ಅಮೆರಿಕದಲ್ಲಿ ಮೊದಲು ಹೀಗೆ ಮಾಡಿದ ರಾಜ್ಯ ಅದೇ. 2022ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಬೈಡನ್, ಕೇಂದ್ರ ಕಾನೂನಿನಡಿ ಕೇವಲ ಗಾಂಜಾ ಇಟ್ಟುಕೊಂಡದ್ದಕ್ಕೆ ಶಿಕ್ಷೆಯಾದವರಿಗೆ ಕ್ಷಮಾದಾನ ಘೋಷಿಸಿದರು. ಜರ್ಮನಿ 2024ರ ಏಪ್ರಿಲ್ 1ರಿಂದ ವಯಸ್ಕರಿಗೆ ಮಿತ ಪ್ರಮಾಣಕ್ಕೆ ಅನುಮತಿ ಕೊಟ್ಟಿತು. ಥಾಯ್ಲೆಂಡ್ 2022ರಲ್ಲಿ ಬಾಗಿಲನ್ನು ಪೂರ್ತಿ ತೆರೆದು, ಅಂಗಡಿಗಳು ನಾಯಿಕೊಡೆಯಂತೆ ಎದ್ದಾಗ ಕಂಗಾಲಾಗಿ, 2025ರಲ್ಲಿ ವೈದ್ಯರ ಚೀಟಿ ಬೇಕೆಂದು ಮತ್ತೆ ಬಿಗಿ ಮಾಡಿತು.

ನಮಗೆ ಹೆಚ್ಚು ಪಾಠ ಹೇಳುವುದು ಪೋರ್ಚುಗಲ್. 2001ರ ಜುಲೈಯಿಂದ ಅಲ್ಲಿ ಹತ್ತು ದಿನದ ಬಳಕೆಯಷ್ಟು ವಸ್ತು ಇಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ ಅನುಮತಿಯೂ ಇಲ್ಲ. ಸಿಕ್ಕಿಬಿದ್ದವನು ನ್ಯಾಯಾಲಯಕ್ಕೆ ಹೋಗುವುದಿಲ್ಲ, ಮೂವರು ಸದಸ್ಯರ ಒಂದು ಮಂಡಳಿಯ ಮುಂದೆ ಹೋಗುತ್ತಾನೆ. ಚಟವಿದ್ದರೆ ಚಿಕಿತ್ಸೆಗೆ ದಾರಿ ತೋರಿಸುತ್ತಾರೆ. ಇಲ್ಲದಿದ್ದರೆ ಬುದ್ಧಿ ಹೇಳಿ ಕಳಿಸುತ್ತಾರೆ, ಬೇಕಾದರೆ ದಂಡ ಹಾಕುತ್ತಾರೆ. ಮಾರುವವನಿಗೆ ಮಾತ್ರ ಜೈಲು ಹಾಗೆಯೇ ಇದೆ.

ನಮ್ಮಲ್ಲಿ 2021ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ, ಸ್ವಂತ ಬಳಕೆಯ ಅಲ್ಪ ಪ್ರಮಾಣವನ್ನು ಅಪರಾಧದಿಂದ ಹೊರಗಿಟ್ಟು ಅವರನ್ನು ಚಿಕಿತ್ಸೆಗೆ ಕಳಿಸಬೇಕೆಂದು ಸಲಹೆ ಮಾಡಿದ್ದು ಸುದ್ದಿಯಾಯಿತು. ಆ ವರ್ಷ ಬಂದ ತಿದ್ದುಪಡಿಯಾದರೋ ಹಿಂದಿನ ಕರಡಿನ ಒಂದು ತಪ್ಪನ್ನು ಸರಿಪಡಿಸಿದ್ದಷ್ಟೇ. ಅದಕ್ಕೂ ಹಿಂದೆ, 2020ರ ಡಿಸೆಂಬರ್‌ನಲ್ಲಿ, ವಿಶ್ವಸಂಸ್ಥೆಯ ಆಯೋಗದಲ್ಲಿ ಗಾಂಜಾವನ್ನು ಅತ್ಯಂತ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ತೆಗೆಯುವ ನಿರ್ಣಯ 27–25 ಮತಗಳಿಂದ ಗೆದ್ದಾಗ ಭಾರತ ಅದರ ಪರವಾಗಿ ಮತ ಹಾಕಿತ್ತು. ಉಳಿದ ನಿರ್ಬಂಧಗಳ ಪಟ್ಟಿಯಲ್ಲಿ ಗಾಂಜಾ ಹಾಗೆಯೇ ಉಳಿದಿದೆ.

ಶಿಕ್ಷೆ ಇಳಿದರೆ ಸೇದುವವರು ಹೆಚ್ಚುವುದಿಲ್ಲವೇ?

ತಾಯಂದಿರು ಕೇಳುವ ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಗಾಂಜಾ ನಿರಪಾಯಕಾರಿ ಎಂಬ ಮಾತು ಹುಡುಗರ ನಡುವೆ ಓಡಾಡುತ್ತದೆ, ಅದು ನಿಜವಲ್ಲ. ಮೆದುಳು ಇಪ್ಪತ್ತರ ನಡುಹರೆಯದವರೆಗೂ ಬೆಳೆಯುತ್ತಿರುತ್ತದೆ. ಚಿಕ್ಕ ವಯಸ್ಸಿನಲ್ಲಿ ಶುರುಮಾಡಿ ದಿನವೂ ಸೇದುವವರಲ್ಲಿ ನೆನಪು, ಗಮನ ಕುಗ್ಗುತ್ತವೆ. ಮನೆತನದಲ್ಲಿ ಮಾನಸಿಕ ಕಾಯಿಲೆ ಇದ್ದವರಿಗಂತೂ ಚಿತ್ತಭ್ರಮೆಯ ಅಪಾಯ ಇನ್ನೂ ಹೆಚ್ಚು. ಇಂದಿನ ಗಾಂಜಾ ಅಜ್ಜನ ಕಾಲದ ಭಂಗಿಗಿಂತ ಬಲು ಜೋರಿನದು ಎಂಬುದನ್ನೂ ಮರೆಯಬಾರದು.

ಆದರೆ ಜೈಲಿನ ಭಯ ರೋಗವನ್ನು ವಾಸಿ ಮಾಡುವುದಿಲ್ಲ. ರೋಗಿಯನ್ನು ಅಡಗಿಸುತ್ತದೆ ಅಷ್ಟೆ. ಕೇಸಿಗೆ ಹೆದರಿದ ಹುಡುಗ ಡಾಕ್ಟರ ಹತ್ತಿರ ಬರುವುದಿಲ್ಲ. ಮಾನಕ್ಕೆ ಹೆದರಿದ ಅಪ್ಪ ಕರೆತರುವುದಿಲ್ಲ. ಮಾರುವವನ ಮೇಲೆ ಕಾನೂನು ಬಿಗಿಯಾಗಿರಲಿ. ಮೊದಲ ಸಲ ಅಲ್ಪ ಪ್ರಮಾಣದೊಂದಿಗೆ ಸಿಕ್ಕ ಹುಡುಗನಿಗೆ ದಂಡ, ಸಮಾಲೋಚನೆ, ಪಾಲಕರಿಗೆ ತಿಳಿವಳಿಕೆ ಇರಲಿ. ದಾಖಲೆಯಲ್ಲಿ ಕಲೆ ಬೇಡ. ವ್ಯಸನಿಗೆ ತೆರೆದಿಟ್ಟ ಬಾಗಿಲನ್ನು ವ್ಯಸನಿಯಾಗದವನಿಗೂ ತೆರೆದರೆ ಕಾಯ್ದೆಯ ಗಾಂಭೀರ್ಯವೇನೂ ಕರಗದು.

ಅಂಥ ತಿದ್ದುಪಡಿ ಬರುವವರೆಗೆ ಈಗಿನ ಕಾಯ್ದೆಯೇ ಕಾಯ್ದೆ. ವಿದ್ಯಾರ್ಥಿಗಳು ಅದನ್ನು ಮರೆಯದಿರುವುದು ಒಳಿತು. ಮೇಷ್ಟರಂಥ ಅಪ್ಪಂದಿರು ಠಾಣೆಯಿಂದ ಮನೆಗೆ ಬಂದ ಮೇಲೆ ಎತ್ತುವ ಮೊದಲ ಮಾತು ಬೈಗುಳವಾಗದೆ ‘ಏನಾಯ್ತಪ್ಪಾ, ಹೇಳು’ ಎಂದಾದರೆ ಅರ್ಧ ಚಿಕಿತ್ಸೆ ಅಲ್ಲಿಯೇ ಆದಂತೆ.

ನೆನಪಿಡಬೇಕಾದ ಮಾತುಗಳು

* ಬಂಧಿತರನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

* ಮೈ ತಪಾಸಣೆಗೆ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರಿನಲ್ಲೇ ತಪಾಸಣೆಯಾಗಲಿ ಎಂದು ಕೇಳುವ ಹಕ್ಕಿದೆ. ಹೆಣ್ಣುಮಕ್ಕಳ ತಪಾಸಣೆಯನ್ನು ಹೆಣ್ಣುಮಕ್ಕಳೇ ಮಾಡಬೇಕು.

* ವಕೀಲರನ್ನು ಇಡಲು ಶಕ್ತಿಯಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಕಸ್ಟಡಿಯಲ್ಲಿ ಇರುವವರಿಗೆ ಉಚಿತ ನೆರವು ಉಂಟು.

* ಹದಿನೆಂಟು ತುಂಬದವರ ಪ್ರಕರಣ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗಬೇಕು.

* ಚಟ ಬಿಡಿಸುವ ಸಲಹೆಗೆ ರಾಷ್ಟ್ರೀಯ ಉಚಿತ ಸಹಾಯವಾಣಿ 14446. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.