ಕುರ್ಲಾದ ಗಲ್ಲಿಯಲ್ಲಿ ಮತದ ವಾರ

ಮಂಗಳೂರಿನಿಂದ ಹೊರಟ ಮತ್ಸ್ಯಗಂಧಾ ರೈಲು ಬೆಳಗಿನ ಹೊತ್ತಿಗೆ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೆ ಬಂದು ನಿಲ್ಲುತ್ತದೆ. ಕುಚ್ಚಲಕ್ಕಿಯ ಚೀಲ, ಹಪ್ಪಳದ ಕಟ್ಟು, ನಿದ್ದೆಗಣ್ಣಿನ ಮಕ್ಕಳು ಒಂದರ ಹಿಂದೊಂದು ಇಳಿಯುತ್ತವೆ. ಕರಾವಳಿಯ ಎಷ್ಟೋ ಮನೆಗಳಿಗೆ ಮುಂಬಯಿ ಶುರುವಾಗುವುದೇ ಈ ಕುರ್ಲಾದಲ್ಲಿ.

ಇದು 2026ರ ಜನವರಿ. 15ಕ್ಕೆ ಮುಂಬಯಿ ಮಹಾನಗರ ಪಾಲಿಕೆಯ ಮತದಾನ. ಗಲ್ಲಿಯ ಮೇಲೆ ಬಣ್ಣಬಣ್ಣದ ಪತಾಕೆಗಳು ತೂಗುತ್ತಿವೆ. ಮೈಕು ಕಟ್ಟಿದ ರಿಕ್ಷಾ ಮರಾಠಿಯಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ಕೂಗುತ್ತಾ ಹೋಗುತ್ತದೆ. ನಾವು ಊರಲ್ಲಿ ಕಾರ್ಪೊರೇಟರ್ ಎನ್ನುವವರನ್ನು ಇಲ್ಲಿ ನಗರಸೇವಕ ಎನ್ನುತ್ತಾರೆ. ಹಿಂದಿನ ನಗರಸೇವಕರ ಅವಧಿ ಮುಗಿದದ್ದು 2022ರ ಮಾರ್ಚ್ 7ಕ್ಕೆ. ಅಲ್ಲಿಂದ ಈಚೆಗೆ ಹತ್ತಿರಹತ್ತಿರ ನಾಲ್ಕು ವರ್ಷ, 227 ವಾರ್ಡುಗಳ ಈ ಮಹಾನಗರದಲ್ಲಿ ಗಟಾರ ಉಕ್ಕಿದರೆ ಹೋಗಿ ಬಾಗಿಲು ತಟ್ಟಲು ಚುನಾಯಿತರೊಬ್ಬರೂ ಇರಲಿಲ್ಲ. ಆಡಳಿತಾಧಿಕಾರಿಯೇ ಎಲ್ಲ. 2025-26ರ ಪಾಲಿಕೆಯ ಬಜೆಟ್ಟು 74,427 ಕೋಟಿ ರೂಪಾಯಿ. ಅಷ್ಟು ಹಣ ಯಾವ ಬೀದಿಗೆ ಹೋಗಬೇಕೆಂದು ಕೇಳುವ ಹಕ್ಕುಳ್ಳ ಬಾಯಿ ಮಾತ್ರ ಮುಚ್ಚಿತ್ತು.

ಸಂಜೆ ಕುರ್ಲಾ ಪಶ್ಚಿಮದಲ್ಲಿ ಸ್ಟೇಷನ್ನಿನ ಮೆಟ್ಟಿಲಿಳಿದು ನೋಡಬೇಕು. ಸೆಂಟ್ರಲ್, ಹಾರ್ಬರ್ ಎರಡೂ ಲೈನುಗಳ ಲೋಕಲ್‌ಗಳು ಸುರಿದ ಜನ ಒಂದೇ ಕಿರುದಾರಿಗೆ ನುಗ್ಗುತ್ತಾರೆ. ಅಲ್ಲೇ ಮೆಂತ್ಯಸೊಪ್ಪಿನ ಬುಟ್ಟಿ, ವಡಾಪಾವ್‌ನ ಕಾದ ಎಣ್ಣೆ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿಗೆ ಕೂಗಿ ಕರೆಯುವ ಶೇರ್ ರಿಕ್ಷಾ, ಬಸ್ಸಿನ ಸಾಲು. ಫುಟ್‌ಪಾತ್ ಎಲ್ಲಿ ಮುಗಿದು ರಸ್ತೆ ಎಲ್ಲಿ ಶುರುವಾಯಿತೆಂದು ಕಾಲಿಗೆ ತಿಳಿಯುವುದಿಲ್ಲ. 2024ರ ಡಿಸೆಂಬರ್ 9ರ ರಾತ್ರಿ ಅಂಧೇರಿಗೆ ಹೊರಟ 332 ನಂಬರಿನ ಬೆಸ್ಟ್ ಬಸ್ಸು ಇಲ್ಲಿನ ಎಸ್.ಜಿ. ಬರ್ವೆ ಮಾರ್ಗದಲ್ಲಿ ಹತೋಟಿ ತಪ್ಪಿ ಜನರ ಮೇಲೆ ಹರಿಯಿತು. 9 ಮಂದಿ ಸತ್ತರು. ಬಸ್ಸಿನ ತಪ್ಪು, ಚಾಲಕನ ತಪ್ಪು ಕೋರ್ಟಿನಲ್ಲಿ ತೀರ್ಮಾನವಾಗಲಿ. ಆದರೆ ಪಕ್ಕಕ್ಕೆ ಸರಿಯಲು ಜಾಗ ಬೇಕಲ್ಲ?

"ದೊಡ್ಡ ಮಾತು ಯಾಕೆ ಮಾರಾಯ್ರೇ, ಸ್ಟೇಷನ್ನಿಂದ ಇಲ್ಲಿವರೆಗೆ ನಡ್ಕೊಂಡು ಬರುವ ಹಾಗೆ ಮಾಡಿಕೊಡ್ಲಿ," ಎಂದರು ಹತ್ತಿರದ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತವರು, ಚಿಲ್ಲರೆ ಎಣಿಸುತ್ತಲೇ. ಸೊಪ್ಪು ಮಾರುವವಳ ಬುಟ್ಟಿಯನ್ನು ಪಾಲಿಕೆಯ ಲಾರಿಗೆ ಎಸೆದರೆ ದಾರಿ ಆಗುವುದಿಲ್ಲ. ಅವಳಿಗೊಂದು ಗುರುತಿನ ಜಾಗ, ನಡೆಯುವವರಿಗೊಂದು ಗೆರೆ, ಎರಡನ್ನೂ ಒಟ್ಟಿಗೆ ಕೊಡಬೇಕು. ನನ್ನ ಮತವಿದ್ದಿದ್ದರೆ ಇದನ್ನು ಮೊದಲು ಹೇಳಿದವರಿಗೆ.

ಕೇಳಬೇಕಾದ ಎರಡನೆಯದು ಮಿಠಿ ನದಿ. ವಿಹಾರ್ ಮತ್ತು ಪೊವಾಯಿ ಕೆರೆಗಳ ಕೋಡಿಯಿಂದ ಹುಟ್ಟಿ, ಸುಮಾರು 18 ಕಿ.ಮೀ. ಹರಿದು ಮಾಹಿಮ್ ಬಳಿ ಕಡಲು ಸೇರುವ ಈ ನದಿ ಕುರ್ಲಾದಲ್ಲಿ ಕಪ್ಪಗೆ, ಮಂದವಾಗಿ ಗೋಡೆಗಳ ನಡುವೆ ಹರಿಯುತ್ತದೆ. ದಡದ ಕ್ರಾಂತಿ ನಗರದ ಹೆಂಗಸರು ಜೋರು ಮಳೆಯ ಶಬ್ದ ಕೇಳಿದರೆ ಮೊದಲು ರೇಷನ್ ಕಾರ್ಡನ್ನು ಅಟ್ಟಕ್ಕೆ ಏರಿಸುತ್ತಾರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದ ದಿನವನ್ನು ಇಲ್ಲಿ ಯಾರೂ ಮರೆತಿಲ್ಲ. 2025ರ ಆಗಸ್ಟ್ 19ರಂದೂ ನೀರು 3.9 ಮೀಟರಿಗೆ ಏರಿ ನೂರಾರು ಜನ ಮನೆ ಬಿಟ್ಟು ಹೊರಡಬೇಕಾಯಿತು. ಅದೇ ನದಿಯ ಹೂಳು ತೆಗೆಯುವ ಲೆಕ್ಕದಲ್ಲಿ 65 ಕೋಟಿಗೂ ಮಿಕ್ಕಿ ವಂಚನೆಯಾಗಿದೆಯೆಂದು ಪೊಲೀಸರ ಆರ್ಥಿಕ ಅಪರಾಧ ದಳ 2025ರ ಮೇ ತಿಂಗಳಲ್ಲಿ ಪ್ರಕರಣ ದಾಖಲಿಸಿದೆ. ಹೂಳು ನಿಜವಾಗಿ ಲಾರಿ ಹತ್ತಿತೇ ಎಂದು ದಡದಲ್ಲಿ ನಿಂತು ನೋಡುವ ಕೆಲಸ ನಗರಸೇವಕನದ್ದು. ಅದಕ್ಕೆ ಬೇಕಾದದ್ದು ಎರಡು ಕಾಲು, ಎರಡು ಕಣ್ಣು.

ಹಳಿ ದಾಟಿ ಪೂರ್ವಕ್ಕೆ ಬಂದರೆ ಬಂಟರ ಭವನ ಮಾರ್ಗ. ನಮ್ಮ ಕರಾವಳಿಯವರು ದುಡಿದು ಕಟ್ಟಿದ ಭವನದ ಹೆಸರು ನಗರದ ರಸ್ತೆಯ ಹೆಸರಾಗಿದೆ. ಬೋರ್ಡು ಓದುವಾಗ ಮನಸ್ಸು ತುಂಬುತ್ತದೆ. ಪೂರ್ವದಲ್ಲೇ ನಾಯಕ್ ನಗರವೂ ಇದೆ. 2022ರ ಜೂನ್ 27ರ ರಾತ್ರಿ ಅಲ್ಲಿ ನಾಲ್ಕು ಮಹಡಿಯ ಕಟ್ಟಡ ಕುಸಿದು 19 ಜನ ಸತ್ತರು. ಪಾಲಿಕೆ ಮೊದಲೇ ನೋಟಿಸು ಕೊಟ್ಟಿತ್ತು. ಆದರೆ ದಿನಗೂಲಿಯವನು ನೋಟಿಸು ಓದಿ ಎಲ್ಲಿಗೆ ಹೋಗಬೇಕು? ಅವನಿಗೆ ತಾತ್ಕಾಲಿಕ ಸೂರು ಕೊಡಿಸುವ ತನಕ ನೋಟಿಸೆಂಬುದು ಬರಿಯ ಕಾಗದ. ಇದು ಯಾವ ಕರಪತ್ರದಲ್ಲೂ ನನಗೆ ಕಾಣಲಿಲ್ಲ, ಕಾಣಬೇಕಿತ್ತು.

ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅವುಗಳಲ್ಲೊಂದು. ಮತ ಕೇಳಲು ಬಂದವರಲ್ಲಿ ನಮ್ಮವರು ಆ ಕನ್ನಡ ಶಾಲೆಗಳ ಬಗ್ಗೆಯೂ ಕೇಳಲಿ. ಮಂಗಳೂರಿನಿಂದ ಬರಿಗೈಯಲ್ಲಿ ಬಂದ ಜಾರ್ಜ್ ಫರ್ನಾಂಡಿಸ್ 1961ರಲ್ಲಿ ಇದೇ ಪಾಲಿಕೆಗೆ ಆರಿಸಿಬಂದು, ಕೂಲಿಯವರ ಮಾತನ್ನು ಸಭೆಯೊಳಗೆ ಆಡಿದರು. ಹೊರಗಿನಿಂದ ಬಂದವರೆಂಬ ಸಂಕೋಚ ನಮಗೆ ಬೇಡ.

16ರಂದು ಎಣಿಕೆ. ಗುಲಾಲು ಹಾರುತ್ತದೆ, ಪತಾಕೆ ಇಳಿಯುತ್ತದೆ. ಮುಂಗಾರು ಮುಂಬಯಿಗೆ ಬರುವುದು ಜೂನ್ ಎರಡನೆಯ ವಾರಕ್ಕೆ. ಗೆದ್ದವರು ಮಿಠಿಯ ದಡಕ್ಕೆ ಹೋಗಿ ನಿಲ್ಲಲು ಉಳಿದಿರುವುದು ಐದು ತಿಂಗಳಿಗೂ ಕಡಿಮೆ.