ತೋಟದ ಮನೆಗೆ ಕಡಿಮೆ ಖರ್ಚಿನ ಇಂಟರ್ನೆಟ್: ನಾವು ಮಾಡಿಕೊಂಡ ದಾರಿ

ಬೆಂಗಳೂರು ಬಿಟ್ಟು ಸಾಗರ ತಾಲ್ಲೂಕಿನ ಮಾವನ ತೋಟಕ್ಕೆ ಬಂದಾಗ ನಮ್ಮ ಲೆಕ್ಕ ಸರಳವಾಗಿತ್ತು. ನಾನು ತೋಟ ನೋಡಿಕೊಳ್ಳೋದು, ನಮ್ಮನೆಯವರು ಮನೆಯಿಂದಲೇ ಕಂಪನಿ ಕೆಲಸ ಮಾಡೋದು. ಅಡಿಕೆ, ಕಾಳುಮೆಣಸಿನಂಥ ಬಹುವಾರ್ಷಿಕ ಬೆಳೆಗೆ ಸಾವಯವ ಪ್ರಮಾಣಪತ್ರ ಸಿಗೋಕೆ ಮೂರು ವರ್ಷದ ಪರಿವರ್ತನೆ ಅವಧಿ ಇದೆ. ಅಷ್ಟು ದಿನ ಇಳುವರಿ ಕಡಿಮೆಯಾದ್ರೂ ಸಂಬಳದಲ್ಲಿ ಮನೆ ನಡೀತದೆ ಅಂದ್ಕೊಂಡಿದ್ವಿ. ಲೆಕ್ಕಕ್ಕೆ ಹಿಡಿಯದೇ ಬಿಟ್ಟಿದ್ದು ನೆಟ್‌ವರ್ಕ್ ಒಂದನ್ನೇ.

ಮೊದಲ ಮಳೆಗಾಲದಲ್ಲೇ ಅದು ಗೊತ್ತಾಯ್ತು. ಮೀಟಿಂಗ್ ನಡುವೆ ಇವರ ಮುಖ ಪರದೆ ಮೇಲೆ ಹೆಪ್ಪುಗಟ್ಟಿ ನಿಲ್ತಿತ್ತು. ಕೊಡೆ ಹಿಡ್ಕೊಂಡು ಗುಡ್ಡದ ನೀರಿನ ಟ್ಯಾಂಕ್ ಹತ್ರ ಓಡೋದು ದಿನದ ಕೆಲಸ ಆಯ್ತು. ಕೊನೆಗೆ ಮ್ಯಾನೇಜರ್ ನಯವಾಗಿಯೇ ಹೇಳಿದ್ರು: "ಒಂದು ತಿಂಗಳು ನೋಡೋಣ, ಸರಿಹೋಗದಿದ್ರೆ ಆಫೀಸಿಗೇ ಬಂದ್ಬಿಡಿ." ಅಂದ್ರೆ ಅವರು ವಾಪಸ್ ಬೆಂಗಳೂರಿಗೆ, ನಾನು ಮತ್ತು ಮಾವ ಇಲ್ಲಿ, ಅಥವಾ ತೋಟವನ್ನೇ ಗೇಣಿಗೆ ಕೊಟ್ಟು ಎಲ್ಲರೂ ಅಲ್ಲಿಗೆ.

ನಿಮ್ಮಲ್ಲೂ ಹಲವರಿಗೆ ಇದೇ ಪಾಡು ಇರಬಹುದು, ಅದಕ್ಕೇ ಈ ವಾರ ಗೊಬ್ಬರ ಬಿಟ್ಟು ಇದನ್ನ ಬರೀತಿದ್ದೇನೆ.

ಮೊದಲು ಫೈಬರ್ ವಿಚಾರಿಸಿ. ಭಾರತ್‌ನೆಟ್ ಯೋಜನೆಯ ಕೇಬಲ್ ಅನೇಕ ಕಡೆ ಗ್ರಾಮ ಪಂಚಾಯ್ತಿ ಕಚೇರಿವರೆಗೆ ಬಂದಿದೆ. ಅಲ್ಲಿಂದ ಮನೆಗೆ ಬಿಎಸ್‌ಎನ್‌ಎಲ್‌ನ ಸ್ಥಳೀಯ ಪಾಲುದಾರರೋ, ಕೇಬಲ್ ಟಿವಿಯವರೋ ಎಳೆದುಕೊಡ್ತಾರೆ. ಒಬ್ಬರೇ ಕೇಳಿದ್ರೆ "ದೂರ ಆಗ್ತದೆ" ಅಂತಾರೆ, ಕೇರಿಯ ನಾಲ್ಕೈದು ಮನೆಯವರು ಸೇರಿ ಕೇಳಿದ್ರೆ ಮಾತು ಬೇರೆ. ಫೈಬರ್ ಸಿಕ್ಕಿದ್ರೆ ಈ ಲೇಖನ ಇಲ್ಲಿಗೇ ಬಿಡಿ, ಅದಕ್ಕಿಂತ ಒಳ್ಳೇದು ಮತ್ತೊಂದಿಲ್ಲ. 5ಜಿ ಟವರ್ ಹತ್ತಿರ ಇದ್ರೆ ಜಿಯೋ, ಏರ್‌ಟೆಲ್‌ನ ಏರ್‌ಫೈಬರ್ ಕೂಡ ಕೇಳಿ. ದರ ನೋಡುವಾಗ ಶೇ. 18 ಜಿಎಸ್‌ಟಿ ಸೇರಿದೆಯೋ ಇಲ್ಲವೋ ಗಮನಿಸಿ, ಜಾಹೀರಾತಿನಲ್ಲಿ ಅದು ಸಣ್ಣ ಅಕ್ಷರದಲ್ಲಿರ್ತದೆ.

ನಮಗೆ ಎರಡೂ ಆಗಲಿಲ್ಲ. ಪಂಚಾಯ್ತಿಯಿಂದ ನಮ್ಮನೆಗೆ ಹೆಚ್ಚುಕಮ್ಮಿ ಎರಡು ಕಿಲೋಮೀಟರ್, ನಡುವೆ ಕಾಡು. ಉಳಿದಿದ್ದು 4ಜಿ ಮಾತ್ರ.

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ನಿಜಕ್ಕೂ ಎಷ್ಟು ವೇಗ ಬೇಕು? ಎಲ್ಲರೂ ನೂರು ಎಂಬಿಪಿಎಸ್ ಅಂತಾರೆ. ಒಂದು ವಿಡಿಯೊ ಕಾಲ್‌ಗೆ ಎರಡು ಮೂರು ಎಂಬಿಪಿಎಸ್ ಸಾಕು, ಯೂಟ್ಯೂಬನ್ನು 480ರಲ್ಲಿ ನೋಡೋಕೆ ಒಂದೂವರೆ ಸಾಕು. ಆದ್ರೆ ಆ ಮೂರು ಎಂಬಿಪಿಎಸ್ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಸಮ ಬರಬೇಕು. ಡ್ರಿಪ್ ಹಾಕಿದವರಿಗೆ ಇದು ಬಿಡಿಸಿ ಹೇಳೋದು ಬೇಡ. ಒಮ್ಮೆ ರಭಸವಾಗಿ ಬಂದು ನಿಲ್ಲೋ ನೀರಿಗಿಂತ ಹನಿಹನಿಯಾಗಿ ನಿಲ್ಲದೇ ಬರೋ ನೀರೇ ಗಿಡಕ್ಕೆ ಬೇಕು.

ಆಮೇಲೆ ಅಳತೆ. ಮೊಬೈಲಿನ ಸಿಗ್ನಲ್ ಕಡ್ಡಿ ನಂಬಬೇಡಿ. ಹೆಚ್ಚಿನ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್', ಅದರೊಳಗೆ 'ಸಿಮ್ ಸ್ಟೇಟಸ್' ತೆರೆದ್ರೆ ಡಿಬಿಎಂ ಲೆಕ್ಕದಲ್ಲಿ ಒಂದು ಮೈನಸ್ ಸಂಖ್ಯೆ ಕಾಣ್ತದೆ. ಮೈನಸ್ ಆದ್ದರಿಂದ ಅಂಕಿ ಚಿಕ್ಕದಿದ್ದಷ್ಟೂ ಒಳ್ಳೇದು. -85 ಇದ್ರೆ ಖುಷಿ ಪಡಿ, -100ರ ಆಸುಪಾಸು ಇದ್ರೆ ಹೇಗೋ ನಡೀತದೆ, -115 ದಾಟಿದ್ರೆ ಕೆಲಸ ಕೆಟ್ಟಂತೆ. ನೆಂಟರು, ನೆರೆಯವರು, ಕೊನೆ ಕೊಯ್ಯೋಕೆ ಬಂದವರು, ಎಲ್ಲರಿಂದಲೂ ಬೇರೆ ಬೇರೆ ಕಂಪನಿ ಸಿಮ್ ಕಡ ತಗೊಂಡು ಅಂಗಳ, ಮಾಡು, ಕಣ, ಟ್ಯಾಂಕ್ ಹೀಗೆ ಹತ್ತು ಜಾಗದಲ್ಲಿ ಬರೆದಿಟ್ಟೆ. ಮನೆಯೊಳಗೆ -116 ಇದ್ದ ಸಿಮ್ ಟ್ಯಾಂಕಿನ ಹತ್ರ -101 ತೋರಿಸ್ತು. ಟವರ್ ಯಾವ ದಿಕ್ಕಿಗಿದೆ ಅಂತ ನೋಡೋಕೆ ದೂರಸಂಪರ್ಕ ಇಲಾಖೆಯ 'ತರಂಗ್ ಸಂಚಾರ್' ಜಾಲತಾಣ ಇದೆ. ವೇಗದ ಪರೀಕ್ಷೆಯನ್ನ ಬೆಳಿಗ್ಗೆ ಆರಕ್ಕೂ ಮಾಡಿ, ರಾತ್ರಿ ಎಂಟಕ್ಕೂ ಮಾಡಿ. ಐಪಿಎಲ್ ಇರೋ ರಾತ್ರಿ ನೋಡಿದ್ರೆ ಟವರಿನ ನಿಜವಾದ ತಾಕತ್ತು ಗೊತ್ತಾಗ್ತದೆ.

ಈ ಹಂತದಲ್ಲಿ ಒಂದು ತಪ್ಪು ಮಾಡೋದರಲ್ಲಿದ್ದೆ. ಆನ್‌ಲೈನಿನಲ್ಲಿ 'ಸಿಗ್ನಲ್ ಬೂಸ್ಟರ್' ಅಂತ ಡಬ್ಬಿ ಸಿಗ್ತದಲ್ಲ, ಅದನ್ನ ಕಾರ್ಟ್‌ಗೆ ಹಾಕಿಯಾಗಿತ್ತು. ಅನುಮತಿ ಇಲ್ಲದೇ ಅದನ್ನ ಹಾಕೋದು ನಮ್ಮ ದೇಶದಲ್ಲಿ ಕಾನೂನುಬಾಹಿರ. ಸುತ್ತಲಿನವರ ನೆಟ್‌ವರ್ಕನ್ನೂ ಅದು ಕೆಡಿಸ್ತದೆ. ಸಿಮ್ ಹಾಕೋ ರೂಟರ್‌ಗೆ ಹೊರಗಿನ ಆಂಟೆನಾ ಜೋಡಿಸೋದು ಬೇರೆ ವಿಷಯ. ಅದು ನಮ್ಮ ಸಿಮ್‌ನ ಸಿಗ್ನಲ್ಲನ್ನ ಹಿಡೀತದೆ ಅಷ್ಟೇ, ಬಲಪಡಿಸಿ ಊರಿಗೆಲ್ಲ ಹಂಚೋದಿಲ್ಲ.

ನಾವು ತಂದಿದ್ದು ಅದೇ: ಒಂದು 4ಜಿ ರೂಟರ್, ಎರಡು ದಿಕ್ಕು ಹಿಡಿಯೋ ಆಂಟೆನಾ. ಎರಡು ಯಾಕೆ ಅಂದ್ರೆ 4ಜಿ ಒಟ್ಟಿಗೆ ಎರಡು ಧಾರೆಯಲ್ಲಿ ಡೇಟಾ ಕಳಿಸಬಲ್ಲದು. ಒಂದೇ ಹಾಕಿದ್ರೆ ವೇಗ ಅರ್ಧಕ್ಕೆ ಇಳಿಯಬಹುದು. ರೂಟರ್ ಕೊಳ್ಳುವಾಗ ಹುಷಾರು. ಹಿಂದೆ ನೆಟ್ಟಗೆ ನಿಂತ ಕೋಲುಗಳು ಎಷ್ಟೋ ಮಾಡೆಲ್‌ನಲ್ಲಿ ವೈಫೈಗೆ ಮಾತ್ರ. 4ಜಿ ಆಂಟೆನಾಗೆ ಬೇರೆ ಪೋರ್ಟ್ ಇದೆಯಾ ಅಂತ ಕೇಳಿಯೇ ದುಡ್ಡು ಕೊಡಿ.

ಮುಖ್ಯವಾದದ್ದು ರೂಟರ್ ಎಲ್ಲಿಡ್ತೀರಿ ಅನ್ನೋದು. ಮನೆಯಲ್ಲಿ ರೂಟರ್ ಇಟ್ಟು ಗುಡ್ಡದ ಮೇಲಿನ ಆಂಟೆನಾಗೆ ಉದ್ದದ ಕೇಬಲ್ ಎಳೆಯೋದು ಅಂತಲೇ ಎಲ್ಲರಿಗೂ ಮೊದಲು ಹೊಳೆಯೋದು. ಸಣ್ಣ ಪೈಪು ಉದ್ದ ಆದಷ್ಟೂ ಪ್ರೆಶರ್ ಬೀಳೋ ಹಾಗೆ ಆಂಟೆನಾ ಕೇಬಲ್‌ನಲ್ಲೂ ಸಿಗ್ನಲ್ ಸೋರಿಹೋಗ್ತದೆ. ನಾವು ಉಲ್ಟಾ ಮಾಡಿದ್ವಿ. ಟ್ಯಾಂಕ್ ಪಕ್ಕದ ಪಂಪ್‌ಶೆಡ್‌ನಲ್ಲಿ ಕರೆಂಟ್ ಇತ್ತು, ರೂಟರ್ ಅಲ್ಲೇ ಇಟ್ವಿ. ಇಪ್ಪತ್ತು ಅಡಿ ಜಿಐ ಪೈಪ್ ನಿಲ್ಲಿಸಿ ತುದಿಗೆ ಆಂಟೆನಾ, ಅದರಿಂದ ರೂಟರ್‌ಗೆ ಗಿಡ್ಡ ಕೇಬಲ್. ರೂಟರಿನಿಂದ ಮನೆಗೆ 80 ಮೀಟರ್ ಹೊರಾಂಗಣದ ಕ್ಯಾಟ್-6 ಲ್ಯಾನ್ ಕೇಬಲ್. ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ವೇಗ ಕಳೆದುಕೊಳ್ಳದೇ ಸಾಗಿಸ್ತದೆ. ಮನೆಯೊಳಗೆ ಹಳೇ ವೈಫೈ ರೂಟರ್.

ಆಂಟೆನಾವನ್ನ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಒಂದು ನಿಮಿಷ ಕಾದು, ರೂಟರಿನ ಪುಟದಲ್ಲಿ ಅಂಕಿ ನೋಡಿ ಬರ್ಕೊಂಡ್ವಿ. ಮೇಲೆ ನಾನು, ಕೆಳಗೆ ಮಾವ ಲ್ಯಾಪ್‌ಟಾಪ್ ಹಿಡಿದು "ಈಗ ತೊಂಬತ್ತೊಂದು... ಹಾ, ಎಂಬತ್ತೆಂಟು, ನಿಲ್ಸು ನಿಲ್ಸು!" ಅಂತ ಕೂಗ್ತಿದ್ರು. ಬೆಳಿಗ್ಗೆ 15 ಎಂಬಿಪಿಎಸ್, ಸಂಜೆ ಆರೇಳು. ಒಟ್ಟು ಖರ್ಚು ಒಂಬತ್ತು ಸಾವಿರದ ಸುತ್ತ. ತಿಂಗಳ ರೀಚಾರ್ಜ್‌ಗೆ ದಿನಕ್ಕೆ 3 ಜಿಬಿ ಕೊಡೋ ಪ್ಲಾನ್. ವಿಡಿಯೊ ಮೀಟಿಂಗ್ ಗಂಟೆಗೆ ಅರ್ಧದಿಂದ ಒಂದೂವರೆ ಜಿಬಿ ತಿಂತದೆ, ಆದ್ದರಿಂದ ಮಾವನ ಯಕ್ಷಗಾನದ ವಿಡಿಯೊ ಈಗ ಸಂಜೆಯ ಮೇಲೆ ಮಾತ್ರ, ಅದೂ 360ರಲ್ಲಿ. ಅವರದು ತಕರಾರು ಇದೆ.

ಕರೆಂಟಿಗೆ ಒಂದು ಉಪಾಯ. ನಮ್ಮ ಬ್ಯಾಟರಿ ಸ್ಪ್ರೇಯರ್‌ನಲ್ಲಿರೋದು 12 ವೋಲ್ಟ್ 8 ಆಂಪಿಯರ್-ಅವರ್ ಬ್ಯಾಟರಿ. ಅನೇಕ ರೂಟರ್‌ಗಳ ಅಡಾಪ್ಟರ್ ಕೂಡ 12 ವೋಲ್ಟೇ. ಲೇಬಲ್ ನೋಡಿ, ಪ್ಲಸ್ ಮೈನಸ್ ತಪ್ಪದ ಹಾಗೆ, ನಡುವೆ ಫ್ಯೂಸ್ ಹಾಕಿ ಜೋಡಿಸಿದ್ರೆ ಐದಾರು ಗಂಟೆ ನಡೀತದೆ. ಕೆಲವು ರೂಟರ್ 9 ಅಥವಾ 5 ವೋಲ್ಟಿನವು, ಅವಕ್ಕೆ ಇದು ಆಗೋದಿಲ್ಲ. ಎರಡು ಮೂರು ದಿನ ಕರೆಂಟ್ ಹೋದ್ರೆ ಟವರೇ ಮಲಗಿಬಿಡ್ತದೆ, ಅದಕ್ಕೆ ನಮ್ಮಲ್ಲಿ ಮದ್ದಿಲ್ಲ. ಅಂಥ ದಿನ ಇವರು ಬೈಕ್ ಹತ್ತಿ ಸಾಗರಕ್ಕೆ ಹೋಗ್ತಾರೆ.

ಸಿಡಿಲಿನ ವಿಷಯದಲ್ಲಿ ಮಾತ್ರ ನಾನು ಅಸಡ್ಡೆ ಮಾಡಿದ್ದೆ. ಈ ವರ್ಷ ಮೇ ತಿಂಗಳ ಮೊದಲ ಗುಡುಗಿಗೇ ಮನೆಯ ರೂಟರ್ ಸುಟ್ಟುಹೋಯ್ತು. ಎಂಬತ್ತು ಮೀಟರ್ ತಾಮ್ರದ ತಂತಿ ಗುಡ್ಡದಿಂದ ನೇರ ಹಾಲ್‌ಗೆ ಬಂದಿದ್ರೆ ಇನ್ನೇನಾಗ್ತದೆ? ಕಂಬಕ್ಕೆ ಈಗ ಸರಿಯಾಗಿ ಅರ್ಥಿಂಗ್ ಮಾಡಿಸಿದ್ದೇವೆ. ಲ್ಯಾನ್ ಕೇಬಲ್ ತೆಗೆದು, ಲೋಹದ ಎಳೆ ಇಲ್ಲದ ಫೈಬರ್ ಕೇಬಲ್ ಎಳೆದು, ಎರಡು ತುದಿಗೆ ಮೀಡಿಯಾ ಕನ್ವರ್ಟರ್ ಹಾಕಿದ್ದೇವೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯೋದಿಲ್ಲ. ಹಾಗಿದ್ರೂ ಮೋಡ ಕಪ್ಪಾದ ಕೂಡಲೇ ಪಂಪ್‌ಶೆಡ್‌ನ ಪ್ಲಗ್ ಕಿತ್ತುಬರೋ ಕೆಲಸ ಈಗ ಮಾವನದು. ಗುಡುಗು ಶುರುವಾದ ಮೇಲೆ ಮಾತ್ರ ಅತ್ತ ಯಾರೂ ಹೋಗೋದಿಲ್ಲ.