ಅರವತ್ತು ದಾಟಿದ ರೈತ ಮತ್ತು ಮೋಟಾರು ಸೈಕಲ್ಲು

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ರೈತರ ತರಬೇತಿ ಎಲ್ಲೇ ನಡೆಯಲಿ, ಸಭಾಂಗಣದ ಹೊರಗೆ ಮೋಟಾರು ಸೈಕಲ್ಲುಗಳ ಸಾಲು ನಿಂತಿರುತ್ತದೆ. ಅವುಗಳನ್ನು ಓಡಿಸಿಕೊಂಡು ಬಂದವರಲ್ಲಿ ಅನೇಕರ ತಲೆ ನೆರೆತಿದೆ. ಮಕ್ಕಳು ಬೆಂಗಳೂರಿನಲ್ಲಿ, ತೋಟ ಹಳ್ಳಿಯಲ್ಲಿ. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಮನೆಯಿಂದ ತೋಟಕ್ಕೆ, ತೋಟದಿಂದ ಸೊಸೈಟಿಗೆ, ಅಲ್ಲಿಂದ ಔಷಧಿ ಅಂಗಡಿಗೆ ಹೋಗಲು ಎರಡು ಚಕ್ರದ ಗಾಡಿಯೇ ಆಧಾರ. ಒಂಟಿ ಮನೆಗಳೇ ಹೆಚ್ಚಾಗಿರುವ ನಮ್ಮ ಮಲೆನಾಡಿನಲ್ಲಿ ಅರವತ್ತು ದಾಟಿದವರಿಗೆ ಮೋಟಾರು ಸೈಕಲ್ಲು ಶೋಕಿಯ ವಸ್ತುವಲ್ಲ, ಗುದ್ದಲಿ ಕತ್ತಿಗಳಂತೆ ಬೇಸಾಯದ ಒಂದು ಸಾಧನ.

ಈ ಪತ್ರಿಕೆಯಲ್ಲಿ ನಾವು ಬೆಳೆಯ ಆರೋಗ್ಯದ ಬಗ್ಗೆ ಬರೆಯುತ್ತೇವೆ. ಬೆಳೆಗಾರನ ದೇಹದ ಬಗ್ಗೆ ಬರೆಯುವುದು ಅಪರೂಪ. ನಾನು ವೈದ್ಯನಲ್ಲ, ಬೇಸಾಯ ಶಾಸ್ತ್ರದವನು. ಆದರೂ ನನ್ನ ಮನೆಯಲ್ಲಿಯೇ ಕಲಿತ ಒಂದು ಪಾಠವನ್ನು ನಿಮ್ಮ ಮುಂದಿಡುವುದು ಉಪಯುಕ್ತವಾದೀತೆಂದು ಈ ಲೇಖನ ಬರೆಯುತ್ತಿದ್ದೇನೆ.

ಕೀಲಿ ಕಿತ್ತುಕೊಂಡ ತಪ್ಪು

ನಮ್ಮ ಮನೆ ಹೊಸನಗರ ತಾಲ್ಲೂಕಿನಲ್ಲಿದೆ. ಮೇಲಿನ ತೋಟ ಮನೆಯಿಂದ ಎರಡು ಕಿಲೋಮೀಟರು ದೂರ. ನಮ್ಮ ತಂದೆ 1982ರಲ್ಲಿ, ಆಗ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಗಾಡಿಯೊಂದನ್ನು ಕೊಂಡರು. ಸುಮಾರು 140 ಕಿಲೋ ತೂಕದ ಆ ಗಾಡಿಯನ್ನು ಎಪ್ಪತ್ತು ದಾಟುವವರೆಗೂ ಓಡಿಸಿದರು. ಅವರಿಗೆ 71 ವರ್ಷವಾದಾಗ ಒಂದು ಆಷಾಢದಲ್ಲಿ, ಪಾಚಿ ಕಟ್ಟಿದ ತಿರುವಿನಲ್ಲಿ ಗಾಡಿ ಜಾರಿ ಕಾಲಿನ ಮೇಲೆ ಬಿತ್ತು. ಮೂಳೆ ಮುರಿಯಲಿಲ್ಲ. ಸುದ್ದಿ ತಿಳಿದು ಊರಿಗೆ ಓಡಿದ ನಾನು ಮಾಡಿದ ಮೊದಲ ಕೆಲಸವೆಂದರೆ ಗಾಡಿಯ ಕೀಲಿಯನ್ನು ಜೇಬಿಗೆ ಹಾಕಿಕೊಂಡದ್ದು. "ಇನ್ನು ಸಾಕು" ಎಂದೆ. ಅವರು ಏನೂ ಹೇಳಲಿಲ್ಲ.

ದೀಪಾವಳಿಗೆ ಹೋದಾಗ ನೋಡಿದೆ. ಕಾಲಿನ ಬಾವು ಎಂದೋ ಇಳಿದಿತ್ತು. ಆದರೆ ಊಟದ ಮಣೆಯಿಂದ ಏಳಲು ಅವರಿಗೆ ಕೈ ಊರಬೇಕಾಗಿತ್ತು. ನಾಲ್ಕು ತಿಂಗಳಿನಿಂದ ಮೇಲಿನ ತೋಟಕ್ಕೆ ಹೋಗಿರಲಿಲ್ಲ. ಕೊಳೆರೋಗಕ್ಕೆ ಎರಡನೆಯ ಸಿಂಪರಣೆ ತಪ್ಪಿ, ಉದುರಿದ ಕಾಯಿ ಬುಡದಲ್ಲಿ ಹಾಗೆಯೇ ಬಿದ್ದಿತ್ತು. ಮನೆಯ ಜಗುಲಿಯಲ್ಲಿ ಕುಳಿತ ಮನುಷ್ಯ, ಯಾರೂ ನೋಡದ ತೋಟ, ಎರಡೂ ಒಂದೇ ಮಳೆಗಾಲದಲ್ಲಿ ಸೊರಗಿದ್ದವು.

ಆಗ ನನಗೆ ತಿಳಿದದ್ದು ಇಷ್ಟು. ತಂದೆಯವರನ್ನು ಗಟ್ಟಿಯಾಗಿ ಇರಿಸಿದ್ದು ಗಾಡಿಯ ಸವಾರಿಯಲ್ಲ. ಸವಾರಿ ಅವರನ್ನು ಮುಟ್ಟಿಸುತ್ತಿದ್ದ ಕೆಲಸ. ಗಾಡಿ ನಿಂತ ದಿನ ಕೆಲಸವೂ ನಿಂತಿತು, ಕೆಲಸ ನಿಂತ ಮೇಲೆ ದೇಹವೂ ಕುಗ್ಗಿತು. ಅಪಾಯವನ್ನು ತಪ್ಪಿಸಲು ಹೋಗಿ ಇನ್ನೊಂದು ಅಪಾಯವನ್ನು ತಂದಿಟ್ಟಿದ್ದೆ. ಗಾಡಿಯನ್ನು ಒಮ್ಮೆಲೇ ನಿಲ್ಲಿಸುವುದಕ್ಕಿಂತ ಹಂತಹಂತವಾಗಿ ತಗ್ಗಿಸುವುದು ಮೇಲು. ಹಾಗೆ ತಗ್ಗಿಸುವವರೆಗೆ ದೇಹವನ್ನೂ ಗಾಡಿಯನ್ನೂ ಹದದಲ್ಲಿಟ್ಟುಕೊಳ್ಳಬೇಕು.

ವಯಸ್ಸು ಮಾಡುವ ಬದಲಾವಣೆ

ಮೂವತ್ತರ ನಂತರ ಸ್ನಾಯುಗಳು ನಿಧಾನವಾಗಿ ಸವೆಯುತ್ತವೆ. ಅರವತ್ತರ ನಂತರ ಈ ಸವೆತ ಚುರುಕಾಗುತ್ತದೆ. ಕತ್ತು ಹಿಂದಕ್ಕೆ ಹೊರಳುವುದು ಕಡಿಮೆಯಾಗುತ್ತದೆ. ಕಣ್ಣಿನ ಪಾಪೆ ಕಿರಿದಾಗಿ, ಮಸೂರ ಮಬ್ಬಾಗಿ, ಇಪ್ಪತ್ತರ ಯುವಕನ ಕಣ್ಣಿನ ಒಳಪದರವನ್ನು ಮುಟ್ಟುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಅರವತ್ತರವರ ಕಣ್ಣಿಗೆ ಸಿಗುತ್ತದೆ. ಮುಸ್ಸಂಜೆಯಲ್ಲಿ ಹಳ್ಳ ಕಾಣದಿರುವುದಕ್ಕೆ, ಎದುರು ಲಾರಿಯ ದೀಪ ಕಣ್ಣು ಕುಕ್ಕುವುದಕ್ಕೆ ಇದೇ ಕಾರಣ.

ಕಂಡದ್ದಕ್ಕೆ ಕೈಕಾಲು ಸ್ಪಂದಿಸುವುದೂ ತಡವಾಗುತ್ತದೆ. ಇದನ್ನು ತೋಟದ ಲೆಕ್ಕದಲ್ಲಿಯೇ ನೋಡಿ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 11 ಮೀಟರು ಓಡುತ್ತದೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆ ಸಾಲಿನಲ್ಲಿ ಇದು ನಾಲ್ಕು ಅಂತರಗಳಷ್ಟು ದೂರ. ಬ್ರೇಕು ಒತ್ತುವುದು ಅರ್ಧ ಸೆಕೆಂಡು ತಡವಾದರೆ ಇನ್ನೆರಡು ಅಂತರ ಮುಂದೆ ಹೋಗಿರುತ್ತೀರಿ. ವಯಸ್ಸನ್ನು ಹಿಂದಕ್ಕೆ ತರಲಾಗದು. ವೇಗವನ್ನು 30ಕ್ಕೆ ಇಳಿಸಿದರೆ ಕಳೆದುಕೊಂಡ ಅರ್ಧ ಸೆಕೆಂಡಿನ ಬಹುಪಾಲು ತಿರುಗಿ ಸಿಗುತ್ತದೆ.

ಗಾಡಿ ಓಡಿಸುವುದರಿಂದ ಬುದ್ಧಿ ಚುರುಕಾಗುತ್ತದೆಯೇ ಎಂದು ಕೆಲವರು ಕೇಳುವುದುಂಟು. ಜಪಾನಿನ ತೊಹೊಕು ವಿಶ್ವವಿದ್ಯಾನಿಲಯದ ಪ್ರೊಫೆಸರ್ ರ್ಯೂತಾ ಕವಾಷಿಮಾ ಅವರು ಯಮಹಾ ಕಂಪನಿಯೊಡನೆ ನಡೆಸಿದ ಪ್ರಯೋಗವೊಂದು 2009ರಲ್ಲಿ ಸುದ್ದಿಯಾಯಿತು. ಬಹುಕಾಲ ಸವಾರಿ ಬಿಟ್ಟಿದ್ದ ನಡುವಯಸ್ಸಿನ ಗಂಡಸರು ಎರಡು ತಿಂಗಳು ದಿನವೂ ಗಾಡಿ ಓಡಿಸಿದಾಗ ಅವರ ನೆನಪಿನ ಪರೀಕ್ಷೆಯ ಅಂಕಗಳು ಉತ್ತಮಗೊಂಡವು. ಆದರೆ ಅದರಲ್ಲಿದ್ದವರು ಕೆಲವೇ ಮಂದಿ, ನಲವತ್ತು ಐವತ್ತರ ಹರೆಯದವರು. ಜೊತೆಗಿದ್ದದ್ದು ಗಾಡಿ ತಯಾರಿಸುವ ಕಂಪನಿ. ಒಂದು ತಾಕಿನ ಒಂದು ಹಂಗಾಮಿನ ಫಲಿತಾಂಶದಿಂದ ನಾವು ಹೊಸ ತಳಿಯನ್ನು ಶಿಫಾರಸು ಮಾಡುವುದಿಲ್ಲ, ಇದನ್ನೂ ಹಾಗೆಯೇ ಪರಿಗಣಿಸಿರಿ.

ದೇಹಕ್ಕೆ ತೋಟವೇ ಗರಡಿ

65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಕೆಲಸ ಮಾಡಬೇಕು, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ, ಮೂರು ದಿನ ಸಮತೋಲನದ ಅಭ್ಯಾಸ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿದೆ. ನಮಗೆ ಇದಕ್ಕಾಗಿ ಬೇರೆ ಗರಡಿ ಮನೆ ಬೇಕಾಗಿಲ್ಲ.

1. ನಡಿಗೆ: ತೋಟದ ಅಂಚಿಗೆ ಗಾಡಿ ನಿಲ್ಲಿಸಿ, ಒಳಗೆ ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ವಾರಕ್ಕೆ ಐದು ದಿನ ನಡೆದರೆ 150 ನಿಮಿಷ ತುಂಬುತ್ತದೆ. ಬುಡಕ್ಕೆ ಬಿದ್ದ ಹಾಳೆ, ಎಲೆಚುಕ್ಕಿಯ ಗುರುತು, ಒಡೆದ ಕಪ್ಪುಗಾಲುವೆ ಎಲ್ಲವೂ ಕಣ್ಣಿಗೆ ಬೀಳುವುದು ಈ ನಡಿಗೆಯಲ್ಲಿಯೇ.

2. ಬಲ: ಮಣೆಯ ಮೇಲೆ ಕುಳಿತು ಕೈ ಊರದೆ ಹತ್ತು ಸಲ ಎದ್ದು ಕೂರಿರಿ. ಗಾಡಿಯ ತೂಕ ಹಿಡಿಯುವುದು ತೋಳಲ್ಲ, ತೊಡೆ. ಮಂಡಿ ನೋವಿದ್ದವರು ಎತ್ತರದ ಕುರ್ಚಿಯಿಂದ ಪ್ರಾರಂಭಿಸಬಹುದು.

3. ಸಮತೋಲನ: ಅಡಿಕೆ ಮರವನ್ನು ಒಂದು ಕೈಯಲ್ಲಿ ಹಿಡಿದು ಒಂಟಿ ಕಾಲಿನಲ್ಲಿ ಹತ್ತು ಎಣಿಸುವವರೆಗೆ ನಿಲ್ಲಿರಿ. ಅಭ್ಯಾಸವಾದ ಮೇಲೆ ಕೈ ಬಿಡಿ. ಇದನ್ನು ಸಂಕದ ಮೇಲಾಗಲಿ ಕಾದಿಗೆಯ ದಡದಲ್ಲಾಗಲಿ ಮಾಡಕೂಡದು.

4. ಕತ್ತು: ಬೆಳಿಗ್ಗೆ ಎದ್ದೊಡನೆ ಎಡಕ್ಕೂ ಬಲಕ್ಕೂ ಐದೈದು ಸಲ ನಿಧಾನವಾಗಿ ಹೊರಳಿಸಿರಿ. ಕನ್ನಡಿಗಳಿದ್ದರೂ ಹಿಂದೆ ತಿರುಗಿ ನೋಡಲಾರದವರು ಹೆದ್ದಾರಿಗೆ ಇಳಿಯಬಾರದು.

ಕ್ರಿಯಾಶೀಲವಾಗಿರುವುದೆಂದರೆ ಹಿಂದೆ ಮಾಡುತ್ತಿದ್ದ ಕೆಲಸಗಳನ್ನೆಲ್ಲ ಈಗಲೂ ಮಾಡುವುದೆಂದು ಅರ್ಥವಲ್ಲ. ಮರ ಹತ್ತುವುದನ್ನು ಅರವತ್ತರ ನಂತರ ಬಿಡುವುದೇ ಕ್ಷೇಮ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ರೂಪಿಸಿದ, ಪೆಟ್ರೋಲು ಎಂಜಿನ್ನಿನಿಂದ ಅಡಿಕೆ ಮರವನ್ನೇರುವ ಬೈಕು 2019ರಲ್ಲಿ ದೇಶದ ಗಮನ ಸೆಳೆಯಿತು. ಅದನ್ನು ತರಬೇತಿ ಪಡೆದ ಕಿರಿಯರು ಬಳಸಲಿ. ಹಿರಿಯರಿಗೆ ನೆಲದಲ್ಲಿ ನಿಂತು ಫೈಬರ್ ದೋಟಿ ಹಿಡಿಯುವುದು, ಮದ್ದಿನ ಅಳತೆ ನೋಡುವುದು, ಅಡಿಕೆ ಬೇಯಿಸುವ ಹದ ಹೇಳುವುದು ಇವೇ ಸಾಕಷ್ಟಿವೆ.

ಗಾಡಿಯ ಆಯ್ಕೆ ಮತ್ತು ಆರೈಕೆ

ವಯಸ್ಸಾದಂತೆ ಗಾಡಿ ಹಗುರವಾಗಬೇಕು. ಬುಲೆಟ್ಟಿನ ತೂಕ 190 ಕಿಲೋ ಆಸುಪಾಸು. ಸಾಮಾನ್ಯ 100 ಸಿ.ಸಿ. ಮೋಟಾರು ಸೈಕಲ್ಲಿನದು ಸುಮಾರು 110 ಕಿಲೋ. ಮೊಪೆಡ್ಡಿನದು ಸುಮಾರು 90 ಕಿಲೋ. ಕುಳಿತಾಗ ಎರಡೂ ಹಿಮ್ಮಡಿ ನೆಲಕ್ಕೆ ತಾಗಬೇಕು. ಸೆಲ್ಫ್ ಸ್ಟಾರ್ಟರ್ ಇರಲಿ, ಒದ್ದು ಚಾಲೂ ಮಾಡುವಾಗ ಮಂಡಿ ಉಳುಕಿಸಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. 125 ಸಿ.ಸಿ.ಗಿಂತ ದೊಡ್ಡ ಹೊಸ ಗಾಡಿಗಳಲ್ಲಿ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎ.ಬಿ.ಎಸ್. ಬ್ರೇಕು 2019ರಿಂದ ಕಡ್ಡಾಯವಾಗಿದೆ. ಹಳೆಯ ಗಾಡಿಯವರು ಜಾರುವ ನೆಲದಲ್ಲಿ ಎರಡೂ ಬ್ರೇಕುಗಳನ್ನು ಹಿತಮಿತವಾಗಿ, ಒಟ್ಟಿಗೆ ಬಳಸುವುದನ್ನು ರೂಢಿಸಿಕೊಳ್ಳಬೇಕು.

ಮೃಗಶಿರಾ ಮಳೆ ಹಿಡಿಯುವ ಮುಂಚೆ ತೋಟಕ್ಕೆ ಬೋರ್ಡೋ ದ್ರಾವಣ ಸಿದ್ಧಪಡಿಸುವಂತೆ ಗಾಡಿಯನ್ನೂ ಸಿದ್ಧಪಡಿಸಿರಿ. ಸವೆದ ಟೈರನ್ನು ಬದಲಾಯಿಸಿ, ಬ್ರೇಕಿನ ಕಟ್ಟೆ ನೋಡಿಸಿ, ದೀಪದ ಗಾಜನ್ನು ಒರೆಸಿ, ಸರಪಳಿಗೆ ಎಣ್ಣೆ ಕೊಡಿ. ಹಳ್ಳ ದಾಟಿದ ಮೇಲೆ ನಿಧಾನವಾಗಿ ಸಾಗುತ್ತ ಎರಡು ಮೂರು ಸಲ ಬ್ರೇಕು ಒತ್ತಿ ಒಣಗಿಸಿರಿ. ಒದ್ದೆ ನೆಲದಲ್ಲಿ ಗಾಡಿ ನಿಲ್ಲಿಸುವಾಗ ಸ್ಟ್ಯಾಂಡಿನ ಕೆಳಗೆ ಚಪ್ಪಟೆ ಕಲ್ಲು ಅಥವಾ ಹಲಗೆ ತುಂಡು ಇಡಿ. 45 ಕಿಲೋದ ಯೂರಿಯಾ ಮೂಟೆಯನ್ನು ಹಿಂಬದಿಗೆ ಕಟ್ಟಿಕೊಂಡು ಬರುವ ಅಭ್ಯಾಸವನ್ನು ಬಿಡಿ. ನಾಲ್ಕು ಮನೆಯವರು ಸೇರಿ ಒಂದು ಲಗೇಜು ಆಟೋ ಮಾಡಿದರೆ ಖರ್ಚು ಹೆಚ್ಚಾಗದು.

ಗಾಡಿ ಬಿದ್ದಲ್ಲಿ ಮೊದಲು ಕೀಲಿ ಆಫ್ ಮಾಡಿ. ಬೆನ್ನು ಬಗ್ಗಿಸಿ ಎತ್ತಬೇಡಿ. ಯಾರಾದರೂ ಬರುವವರೆಗೆ ಕಾಯಿರಿ. ಕಾಯಲಾಗದಿದ್ದರೆ ಮೊದಲನೆಯ ಗೇರಿಗೆ ಹಾಕಿ, ಸೀಟಿಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕುಳಿತು, ಕಾಲಿನ ಬಲದಿಂದ ಹಿಂದಕ್ಕೆ ನೂಕಿ ಏಳಿರಿ.

ನಮ್ಮ ರಸ್ತೆ, ನಮ್ಮ ಮಳೆ

ಆಗುಂಬೆ ಘಾಟಿಯ ತಿರುವುಗಳಲ್ಲಾಗಲಿ ಹುಲಿಕಲ್ಲಿನ ಇಳಿಜಾರಿನಲ್ಲಾಗಲಿ ಆಷಾಢ ಶ್ರಾವಣಗಳಲ್ಲಿ ಹಿರಿಯರು ಗಾಡಿ ಓಡಿಸದಿರುವುದೇ ಜಾಣತನ. ಮಂಜು ಮುಸುಕಿದಾಗ ಅನುಭವಕ್ಕೂ ಕಣ್ಣು ಕಾಣದು. ಮನೆಯ ದಾರಿಯೇನೂ ಕಡಿಮೆ ಅಪಾಯದ್ದಲ್ಲ. ಜಂಬಿಟ್ಟಿಗೆಯ ಮೇಲಿನ ಪಾಚಿ, ಧರೆಯಿಂದ ಕುಸಿದ ಕೆಮ್ಮಣ್ಣು, ರಸ್ತೆಗೆ ಬಿದ್ದ ಅಡಿಕೆ ಹಾಳೆ, ಮುಸ್ಸಂಜೆಯಲ್ಲಿ ಅಡ್ಡ ಬರುವ ಕಾಡುಹಂದಿ, ಕಾಡುಕೋಣ, ಇವೆಲ್ಲ ನಿಮಗೆ ಗೊತ್ತಿರುವವೇ. ಮೂರು ನಿಯಮಗಳನ್ನು ಪಾಲಿಸಿದರೆ ಬಹುಪಾಲು ಅಪಾಯ ದೂರವಾಗುತ್ತದೆ: ಬೆಳಕಿದ್ದಾಗ ಹೊರಟು ಬೆಳಕಿದ್ದಾಗಲೇ ಮನೆ ಸೇರುವುದು, ಮಳೆ ಜೋರಾದರೆ ನಿಲ್ಲುವುದು, ಐ.ಎಸ್.ಐ. ಗುರುತಿನ ಹೆಲ್ಮೆಟ್ಟನ್ನು ಕನ್ನಡಿಗಲ್ಲದೆ ತಲೆಗೆ ಹಾಕುವುದು.

ಶರಾವತಿ ಹಿನ್ನೀರಿನಾಚೆ ತುಮರಿಯ ಕಡೆಯವರಿಗೆ ಮೊದಲು ಲಾಂಚೇ ಗತಿಯಾಗಿತ್ತು. ಲಾಂಚಿಗೆ ಕಾಯುತ್ತ ಸೊಂಟಕ್ಕೆ ಅನಾಯಾಸವಾಗಿ ವಿಶ್ರಾಂತಿ ಸಿಗುತ್ತಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಒಂದೇ ಓಟಕ್ಕೆ ಸಾಗರ ಮುಟ್ಟಬಹುದು. ಆದ್ದರಿಂದ ವಿಶ್ರಾಂತಿಯನ್ನು ನೀವೇ ಮಾಡಿಕೊಳ್ಳಬೇಕು. ಅರ್ಧ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯಿರಿ. ಸುಮಾರು ಎರಡೂವರೆ ಕಿಲೋಮೀಟರು ಉದ್ದದ ಆ ಸೇತುವೆಯ ಮೇಲೆ ಬಯಲುಗಾಳಿ ಪಕ್ಕದಿಂದ ನೂಕುತ್ತದೆ, ವೇಗ ತಗ್ಗಿಸಿರಿ.

ನೆಗಡಿ, ಅಲರ್ಜಿಯ ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆ. ರಕ್ತದೊತ್ತಡದ ಮಾತ್ರೆಯಿಂದ ಕೆಲವರಿಗೆ ಎದ್ದೊಡನೆ ತಲೆ ತಿರುಗುತ್ತದೆ. ವೈದ್ಯರಲ್ಲಿ "ಗಾಡಿ ಓಡಿಸುತ್ತೇನೆ" ಎಂದು ಮರೆಯದೆ ಹೇಳಿರಿ. ಸಕ್ಕರೆ ಕಾಯಿಲೆಯವರು ಹಸಿದು ಹೊರಡಬಾರದು, ಜೇಬಿನಲ್ಲಿ ಬೆಲ್ಲದ ಚೂರಿರಲಿ. ಹಸಿ ಅಡಿಕೆ ಸೊಕ್ಕಿದಾಗಲೂ, ಇಡೀ ದಿನ ಮದ್ದು ಹೊಡೆಸಿ ದಣಿದಾಗಲೂ ಸ್ವಲ್ಪ ಕುಳಿತು ಹೊರಡುವುದು ಒಳ್ಳೆಯದು.

ಪರವಾನಗಿ ಮತ್ತು ಅಂಗಳದ ಪರೀಕ್ಷೆ

55 ವರ್ಷ ದಾಟಿದ ಮೇಲೆ ಚಾಲನಾ ಪರವಾನಗಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದಕ್ಕೆ ವೈದ್ಯರ ಪ್ರಮಾಣಪತ್ರ ಅಗತ್ಯ. ಅವಧಿ ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆಗೆ ಹಾಜರಾಗಬೇಕಾಗುತ್ತದೆ. ವರ್ಷಕ್ಕೆರಡು ಸಲ, ಯುಗಾದಿಗೂ ದೀಪಾವಳಿಗೂ, ಅಂಗಳದಲ್ಲಿ ನೀವೇ ಈ ಪರೀಕ್ಷೆ ಮಾಡಿಕೊಳ್ಳಿರಿ:

1. 25 ಮೀಟರು ದೂರದ ವಾಹನದ ನಂಬರು ಹಗಲಿನಲ್ಲಿ ಓದಲು ಬರುತ್ತದೆಯೇ?
2. ಗಾಡಿಯನ್ನು ಯಾರ ನೆರವೂ ಇಲ್ಲದೆ ನಡುವಿನ ಸ್ಟ್ಯಾಂಡಿಗೆ ಹಾಕಲಾಗುತ್ತದೆಯೇ?
3. ಒಂಟಿ ಕಾಲಿನಲ್ಲಿ ಹತ್ತು ಸೆಕೆಂಡು ನಿಲ್ಲಲಾಗುತ್ತದೆಯೇ?
4. ಕಳೆದ ಆರು ತಿಂಗಳಲ್ಲಿ ಗಾಡಿ ಬಿದ್ದದ್ದು, ತಾಗಿದ್ದು, ಗಾಬರಿಯಾದದ್ದು ಎಷ್ಟು ಸಲ?

ಒಂದರಲ್ಲಿ ಹಿಂದೆ ಬಿದ್ದರೆ ಒಂದು ಹಂತ ಇಳಿಯಿರಿ. ಮೊದಲು ರಾತ್ರಿ ಸವಾರಿ ಬಿಡಿ. ಆಮೇಲೆ ಮಳೆಗಾಲದ ಸವಾರಿ, ಆಮೇಲೆ ಹೆದ್ದಾರಿ, ಆಮೇಲೆ ದೊಡ್ಡ ಗಾಡಿ. ಕೊನೆಗೆ ಮೊಪೆಡ್ಡೂ ಬೇಡವಾದಾಗ ಹಿಂಬದಿಯ ಸೀಟು. ಕಣ್ಣಿನ ಪರೀಕ್ಷೆಯಲ್ಲಿ ಸೋತರೆ ಮಾತ್ರ ವೈದ್ಯರನ್ನು ಕಾಣುವವರೆಗೆ ಗಾಡಿ ಮುಟ್ಟಕೂಡದು. ಪೊರೆಯಾದರೆ ಶಸ್ತ್ರಚಿಕಿತ್ಸೆಯಿಂದ ನೋಟ ಮರಳುವುದುಂಟು.

ಮನೆಯವರಿಗೊಂದು ಮಾತು

ಆ ಸಂಕ್ರಾಂತಿಗೆ ನಾನು ತಂದೆಯವರಿಗೆ ಒಂದು ಮೊಪೆಡ್ ತಂದುಕೊಟ್ಟೆ. ಒಣ ದಿನ, ತೋಟದ ದಾರಿ, ಸಂಜೆ ನಾಲ್ಕರೊಳಗೆ ಮನೆ ಎಂಬ ಮೂರು ಕರಾರುಗಳನ್ನು ಇಬ್ಬರೂ ಕುಳಿತು ಮಾಡಿಕೊಂಡೆವು. ಬೇಸಿಗೆ ಮುಗಿಯುವುದರೊಳಗೆ ಅವರು ಕೈ ಊರದೆ ಮಣೆಯಿಂದ ಏಳತೊಡಗಿದರು. 75ನೆಯ ವಯಸ್ಸಿನಲ್ಲಿ ಒಂದು ದಿನ, ತಿರುವಿನಲ್ಲಿ ಬಂದ ದನ ತಡವಾಗಿ ಕಂಡಿತೆಂದು ಹೇಳಿ ಕೀಲಿಯನ್ನು ಅವರೇ ತಂದು ನನ್ನ ಕೈಗಿಟ್ಟರು. ಈಗ 77. ವಾರಕ್ಕೆ ಮೂರು ದಿನ ಪಕ್ಕದ ಮನೆಯ ಹುಡುಗನ ಹಿಂದೆ ಕುಳಿತು ಮೇಲಿನ ತೋಟಕ್ಕೆ ಹೋಗುತ್ತಾರೆ, ಹೆಲ್ಮೆಟ್ಟು ಹಾಕಿಕೊಂಡೇ. ಉಳಿದ ದಿನ ಕೆಳಗಿನ ತೋಟಕ್ಕೆ ನಡಿಗೆ.

ಮನೆಯ ಕಿರಿಯರು ಹಿರಿಯರ ಕೈಯಿಂದ ಕೀಲಿ ಕಸಿಯುವ ಮುಂಚೆ, ಅವರು ನಾಳೆ ತೋಟಕ್ಕೆ ಹೋಗುವುದು ಹೇಗೆಂಬುದಕ್ಕೆ ಉತ್ತರ ಸಿದ್ಧಪಡಿಸಿಟ್ಟುಕೊಳ್ಳಬೇಕು. ಹಿರಿಯರು ಕೀಲಿ ಕೊಡುವ ದಿನವನ್ನು ತಾವೇ ಗುರುತಿಸಲು ಕಲಿಯಬೇಕು. ಗಾಡಿ ಬಿಟ್ಟರೂ ಚಿಂತೆಯಿಲ್ಲ, ತೋಟದ ನಡಿಗೆಯನ್ನು ಮಾತ್ರ ಬಿಡಬೇಡಿ.